ಕಂಬಳಿಯೊಳಗೆ ಕೇಳಿದ ಮೂರು ವರ್ಷ

ಮೊನ್ನೆ ಗುಡ್ಡಾಪುರದಲ್ಲಿ ಒಂದು ಕರಿ ಕಂಬಳಿ ಕೊಂಡೆ. ಹೇಳಿದ ಬೆಲೆ ಎರಡು ಸಾವಿರದ ಇನ್ನೂರು, ಕೊಟ್ಟದ್ದೂ ಅಷ್ಟೇ. ಜತ್ತದಲ್ಲಿ ಅರಿವಿ ಅಂಗಡಿ ಇಟ್ಟು ಮೇಲೆ ಬಂದವಳು ನಾನು, ಹೇಳಿದಷ್ಟು ಕೊಟ್ಟು ಬರುವವಳಲ್ಲ. ಆದರೆ ಮಡಿಕೆ ಬಿಚ್ಚಿದ ಕೂಡಲೇ ಹಸಿ ಉಣ್ಣೆ, ನೂಲಿಗೆ ಹಾಕುವ ಹುಣಸಿ ಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಚೌಕಾಸಿ ಅಲ್ಲೇ ನಿಂತಿತು… ಮಾರುವವ ನನ್ನ ಮುಖ ನೋಡಿ ಬೆಲೆ ಗಟ್ಟಿ ಹಿಡಿದ. ವ್ಯಾಪಾರದಲ್ಲಿ ಕಣ್ಣು ತುಂಬಿತೆಂದರೆ ಸೋತಂತೆಯೇ.

ಆ ವಾಸನೆಯೊಳಗೆ ನಮ್ಮ ಹೆಡ್‌ಮಾಸ್ತರರ ಕೈ ಇತ್ತು.

ಜತ್ತದ ಹೊರಗಿನ ನಮ್ಮ ಕನ್ನಡ ಹೈಸ್ಕೂಲು ಶುರುವಾದದ್ದು ಒಂದು ಶೇಂಗಾ ಗೋದಾಮಿನಲ್ಲಿ. ನಾನು ಎಂಟನೇತಿಗೆ ಸೇರಿದಾಗಲೂ ಗೋಡೆಗೆ ಒರಗಿದರೆ ಸಿಪ್ಪೆಯ ಧೂಳು ಉದುರುತ್ತಿತ್ತು. ಈಗ ಎರಡು ಅಂತಸ್ತು, ಕಂಪ್ಯೂಟರ್ ಕೋಣೆ, ಖೋ ಖೋದಲ್ಲಿ ಗೆದ್ದ ಢಾಲುಗಳ ಕಪಾಟು, ಹತ್ತನೇತಿಯಲ್ಲಿ ಮೊದಲು ಬಂದವರ ಹೆಸರಿನ ಹಲಗೆ. ಅದರಲ್ಲಿ ನನ್ನ ಹೆಸರಿಲ್ಲ; ಗಣಿತದಲ್ಲಿ ಹೆಂಗೋ ದಾಟಿದವಳು. ಆಗ ನಮಗೆ ಮಾರ್ಕಿನ ಚಿಂತೆ ಇರಲಿಲ್ಲ, ಉಳಿಯುವ ಚಿಂತೆ. ದೀಪಾವಳಿ ಮುಗಿದರೆ ಕುರಿಯವರು ಮೇವು ಹುಡುಕಿ ಕೃಷ್ಣಾ ನದಿಯ ಕಡೆ ಹೊರಡುತ್ತಿದ್ದರು. ಮರಿ ನೋಡಲು, ರೊಟ್ಟಿ ಬಡಿಯಲು ಮನೆಯ ಹುಡುಗಿ ಜೊತೆಗೆ ಬೇಕು. ಹಾಗೆ ಹೋದವಳು ಮತ್ತೆ ಬೆಂಚಿಗೆ ಬರುತ್ತಿರಲಿಲ್ಲ.

ಮಾಸ್ತರರು ಕರಜಗಿ ಕಡೆಯ ನಮ್ಮ ಹಟ್ಟಿಗೂ ಬಂದು ನನ್ನನ್ನು ಸಾಲಿಯಲ್ಲೇ ಬಿಡಿ ಅಂತ ಕೇಳಿದ್ದರು. ಅಪ್ಪ ಹೂಂ ಅಂದರೆ ಅಜ್ಜಿ ಊಹೂಂ. ಅಜ್ಜಿ ಒಪ್ಪಿದರೆ ಕಾಕಾನ ತಕರಾರು. ಕೊನೆಗೆ ಸಂತೆಯ ಮುದಿ ದಲ್ಲಾಳಿಯೊಬ್ಬ ಅವರಿಗೆ ದಾರಿ ಹೇಳಿದನಂತೆ.

“ಮನ್ಯಾಗ ಕೇಳಿದ್ರ ಹತ್ತು ಬಾಯಿ ಮಾತಾಡ್ತಾವ್ರಿ ಸರ. ಸಂತ್ಯಾಗ ಕೇಳ್ರಿ. ಕಂಬಳ್ಯಾಗ ಹಿಡದ ಬೆರಳ ಯಾರೂ ಬಿಡಂಗಿಲ್ಲ.”

ನಮ್ಮಲ್ಲಿ ಕುರಿಯ ಬೆಲೆ ಬಾಯಿಂದ ಹೇಳುವುದಿಲ್ಲ. ಕಂಬಳಿಯ ಮರೆಯಲ್ಲಿ ಕೈಯೊಳಗೆ ಕೈಯಿಟ್ಟು ಬೆರಳು ಹಿಡಿದು ಹೇಳುತ್ತಾರೆ. ಮುಗಿದ ಮೇಲೆ ಲುಕ್ಸಾನಾದರೂ ಮುಗಿದಂತೆ. ಹಿಂದೆ ಸರಿದವನಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ದೀಪಾವಳಿಯ ಮುಂಚಿನ ಸಂತೆಗೆ ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲ ಕೆಳಗೆ ಹಿಕ್ಕೆ.

“ಬರ್ರಿ ಸರ. ಟಗರ ಬೇಕ್ರಿ, ಆಡ ಬೇಕ್ರಿ?” ಅಂದ ಅಪ್ಪ.

“ನಿನ್ನ ಮಗಳ ಸಾಲಿ ವರ್ಷ ಬೇಕು. ಕೈ ಕೊಡು.”

ಸುತ್ತ ನಿಂತವರು ನಕ್ಕರು. “ಹಲ್ಲ ನೋಡಿ ತಗೋರಿ ಸರ,” ಅಂದನೊಬ್ಬ. ಮಾಸ್ತರರು ನಗಲಿಲ್ಲ. ಅಪ್ಪ ಹೆಗಲ ಕಂಬಳಿ ಜಾರಿಸಿ ಕೈ ಮುಂದೆ ಮಾಡಿದ. ನಾನು ಅವರಿಬ್ಬರ ಮುಖವನ್ನೇ ನೋಡುತ್ತಿದ್ದೆ. ಒಳಗೆ ಏನು ನಡೆದಿತ್ತೋ, ಮಾಸ್ತರರ ಹಣೆ ಬೆವರಿತ್ತು… ಅಪ್ಪ ತಲೆ ಅಲ್ಲಾಡಿಸಿದ, ಮತ್ತೆ ಅಲ್ಲಾಡಿಸಿದ, ಆಮೇಲೆ ಕೈ ಹೊರಗೆ ತೆಗೆದ.

“ಎರಡಕ್ಕ ಮುಗೀತ್ರಿ. ಎಂಟನೇತಿ, ಒಂಬತ್ತನೇತಿ. ಆಮ್ಯಾಲ ಕುರಿ ಹಿಂದ.”

ಮನೆಯಲ್ಲಿ ಅಜ್ಜಿ ಜಗಳಕ್ಕೆ ನಿಂತಳು. “ಸಂತ್ಯಾಗ ಕೈ ಕೊಟ್ಟೀನಿ, ಯವ್ವಾ,” ಅಂದ ಅಪ್ಪ. ಅಲ್ಲಿಗೆ ಜಗಳ ಮುಗಿಯಿತು. ನಾನು ಜತ್ತದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದೆ.

ನನ್ನ ಒಂಬತ್ತನೇತಿ ಮುಗಿದ ಬೇಸಿಗೆಯಲ್ಲೇ ಮಾಸ್ತರರು ನಿವೃತ್ತರಾದರು. ನನ್ನ ಹತ್ತನೇತಿಯೂ ಅವರ ಜೊತೆಗೇ ಹೋಯಿತು ಅಂದುಕೊಂಡೆ. ಮಳೆ ಬಿದ್ದು ಅಪ್ಪನ ಕುರಿ ತಿರುಗಿ ಬಂದವು. ಮೊದಲ ಸಂತೆಯಲ್ಲೇ ಮಾಸ್ತರರು ಎದುರಿಗೆ ನಿಂತಿದ್ದರು.

“ಈಗ ಸಾಲಿ ನಿಮ್ಮದಲ್ಲಲ್ರೀ ಸರ?”

“ಮೂರು ಕೇಳಿದ್ದೆ. ಒಂದು ಉಳದೈತಿ.”

ಅಪ್ಪ ಈ ಸಲ ಕಂಬಳಿ ಜಾರಿಸಲಿಲ್ಲ. ಎಲ್ಲರೂ ನೋಡುವಂತೆ ಅವರ ಕೈ ಹಿಡಿದುಕೊಂಡ.

ಮಾಸ್ತರರು ತೀರಿಹೋಗಿ ವರ್ಷಗಳಾದವು. ಈಚೆಗೆ ಹೈಸ್ಕೂಲಿನ ಸಮಾರಂಭಕ್ಕೆ ಹೋಗಿದ್ದೆ. ಭಾಷಣದಲ್ಲಿ ಕಟ್ಟಡ ಬಂತು, ಪರೀಕ್ಷೆಯ ನಿಕಾಲು ಬಂತು, ಢಾಲು ಬಂದವು. ಸಂತೆಯ ಮಾತು ಬರಲಿಲ್ಲ. ಬರುವುದಾದರೂ ಹೇಗೆ? ದಲ್ಲಾಳಿ ಇಲ್ಲ, ಅಪ್ಪ ಇಲ್ಲ… ಹೇಳಬೇಕಾದವಳು ಕೆಳಗೆ ಕುರ್ಚಿಯಲ್ಲಿ ಕುಂತಿದ್ದೆ.

ಒಂದು ಮಾತು ಕೇಳಿ. ನಿಮ್ಮ ಕಡೆಯ ಯಾವುದೇ ಹುಡುಗಿಯನ್ನು ಸಾಲಿಯಲ್ಲಿ ಉಳಿಸಬೇಕಾದರೆ ಅವಳ ಮನೆ ಬಾಗಿಲಲ್ಲಿ ನಿಂತು ಬುದ್ಧಿ ಹೇಳಬೇಡಿ. ಅವರಪ್ಪನ ಮಾತಿಗೆ ಬೆಲೆ ಎಲ್ಲಿದೆ ನೋಡಿ, ಅಲ್ಲಿಗೆ ಹೋಗಿ. ಮೂರು ಕೇಳಿ. ಎರಡು ಸಿಕ್ಕರೆ ಬೇಡ ಅನ್ನದೆ ತಗೊಳ್ಳಿ, ಉಳಿದದ್ದಕ್ಕೆ ಮತ್ತೆ ಹೋಗಿ. ಆದರೆ ಲಗೂನ ಹೋಗಿ. ಕುರಿ ಹೊರಟ ಮೇಲೆ ಹೋದರೆ ಬರೀ ಹಟ್ಟಿ ಇರುತ್ತದೆ.