ಗಜನಿ ಬಾಗಿಲಿಗೆ ಬಂದ ಸುರಗಿ ಮಾಲೆ

ನಿನ್ನೆ ಸಂಜೆ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ರಾಣಿಯ ಪಾತ್ರ ಮಾಡಿದ ಹುಡುಗಿ ಕೊರಳಿಂದ ತೆಗೆದಿಟ್ಟ ಸುರಗಿ ಮಾಲೆ ನನ್ನ ಮೇಜಿನ ಮೇಲಿದೆ. ಸುರಗಿ ಬಾಡಿದರೂ ಅದರ ವಾಸನೆ ಬಾಡುವುದಿಲ್ಲ. ಬೆಳಿಗ್ಗೆ ಬೀಗ ತೆಗೆದು ಕೋಣೆಯೊಳಗೆ ಕಾಲಿಟ್ಟೆನೋ ಇಲ್ಲವೋ, ಅಕ್ಕೋರು ಅಲ್ಲೇ ಕಿಟಕಿಯ ಹತ್ತಿರ ನಿಂತಂತಾಯಿತು... ಅವರ ಬೆನ್ನಿಗೇ ಸಿಟ್ಟೂ ಬಂತು. ವರ್ಷ ಕಳೆದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಉಪ್ಪಿನಲ್ಲಿ ಹಾಕಿಟ್ಟ ಮಾವಿನಮಿಡಿ, ಭರಣಿಯೊಳಗೆ ಹಾಗೇ ಇದೆ.

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎಂದೇ ಹೆಸರು. ನಾನು ಹೇಳುತ್ತಿರುವ ಅಕ್ಕೋರು ಭಟ್ಕಳದವರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕುಮಟೆಯಿಂದ ಹೊಳನಗದ್ದೆ ದಾಟಿ ಬರುವ ನಮ್ಮ ಪುಟ್ಟ ಊರಿನ ಶಾಲೆಗೆ ಬಂದರು. ಅವರ ಅಣ್ಣ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ. ರಜೆಗೆ ಬಂದಾಗಲೆಲ್ಲ ದೂರದ ಬಂದರುಗಳ ಕತೆ ತರುತ್ತಿದ್ದ, ಒಮ್ಮೆ ಹವಾಯಿ ದ್ವೀಪಗಳ ದೊಡ್ಡ ಚಿತ್ರಪುಸ್ತಕವನ್ನೇ ತಂದುಕೊಟ್ಟಿದ್ದನಂತೆ. ಆ ಪುಸ್ತಕ ಅಕ್ಕೋರ ಚೀಲದಲ್ಲಿ ಸದಾ ಇರುತ್ತಿತ್ತು.

ಮೊದಲ ದಿನವೇ ಒಬ್ಬ ಹುಡುಗನ ಚಪ್ಪಲಿ ತೆಗೆಸಿ ಮೇಜಿನ ಮೇಲೆ ಇಟ್ಟರು.

"ಇದು ಎಂತ ಚಪ್ಪಲಿ?"

"ಹವಾಯಿ ಚಪ್ಪಲಿ ಅಕ್ಕೋರೇ!"

"ಹವಾಯಿ ಅಂದ್ರೆ ಎಂತ?"

"ರಬ್ಬರು!" ಎಂದು ಇಡೀ ತರಗತಿ ಕೂಗಿತು. ಅಕ್ಕೋರು ನಕ್ಕು ಪುಸ್ತಕ ಬಿಚ್ಚಿದರು. ಸಮುದ್ರದ ತಳದಿಂದ ಬೆಂಕಿ ಉಕ್ಕಿ, ಆರಿ, ಕಲ್ಲಾಗಿ ಹುಟ್ಟಿದ ದ್ವೀಪಗಳು. ಅಲ್ಲಿಯವರಿಗೆ ಕೆಸು ಬರೀ ತರಕಾರಿಯಲ್ಲ, ಮನುಷ್ಯರಿಗಿಂತ ಮೊದಲು ಹುಟ್ಟಿದ ಅಣ್ಣ. ಆ ದಿನ ಮನೆಗೆ ಹೋಗಿ ಅಜ್ಜಿ ಮಾಡಿದ ಕೆಸುವಿನ ಸಾರು ಉಣ್ಣುವಾಗ ನನಗೆ ಒಂದು ನಮೂನೆಯಾಯಿತು. ಅಲ್ಲಿಯ ಜನಕ್ಕೆ ಬರಹವಿರಲಿಲ್ಲ, ರಾಜರ ವಂಶಾವಳಿಯನ್ನೂ ದೋಣಿಯ ದಾರಿಯನ್ನೂ ಹಾಡಿನಲ್ಲೇ ಇಟ್ಟುಕೊಂಡಿದ್ದರು ಎಂದಾಗ ನಾನು ಎದ್ದು ನಿಂತು, "ನಮ್ಮಜ್ಜಿನೂ ಹಾಂಗೇ ಅಕ್ಕೋರೇ" ಎಂದೆ. ಮರುವಾರ ಅಜ್ಜಿಯನ್ನು ಕರೆಸಿ, ಗದ್ದೆಯಲ್ಲಿ ಸಸಿ ನೆಡುವಾಗಿನ ನೆಟ್ಟಿ ಹಾಡು ಹೇಳಿಸಿದರು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಆದರೆ ನಮಗೆಲ್ಲ ಬಹಳ ಹಿಡಿಸಿದ್ದು ಆ ದ್ವೀಪಗಳ ಮೀನಿನ ಕೆರೆ. ಸಮುದ್ರದ ಅಂಚಿಗೆ ಕಲ್ಲಿನ ಕಟ್ಟೆ, ಕಟ್ಟೆಗೊಂದು ಸರಳಿನ ಬಾಗಿಲು. ಮರಿಮೀನು ಅದರ ಸಂದಿಯಿಂದ ಒಳಗೆ ಬರುತ್ತದೆ, ಒಳಗೇ ಬೆಳೆದು ದೊಡ್ಡದಾದರೆ ಹೊರಗೆ ಹೋಗಲಾರದು. ಅರೆ, ಇದು ನಮ್ಮ ಗಜನಿಯೇ! ಹೊಳೆಯಂಚಿನ ಆ ಉಪ್ಪುನೆಲದಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆಗೆದು ಸಮುದ್ರ ಏರುವ ಹೊತ್ತಿನ ಭರತದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು ಎಲ್ಲ ಬರುತ್ತಿತ್ತು. ಊರಿಗೆ ಊರೇ ಇಳಿದು ಹಿಡಿಯುತ್ತಿತ್ತು.

ಬರುತ್ತಿತ್ತು, ಹಿಡಿಯುತ್ತಿತ್ತು. ಅಕ್ಕೋರು ಬಂದ ವರ್ಷ ಅದು ಮುಗಿದಿತ್ತು. ಶಾಲೆ ಕಮಿಟಿಯ ಅಧ್ಯಕ್ಷರು, ಊರವರ ಬಾಯಲ್ಲಿ ಒಡೆಯರು, ಒಬ್ಬೊಬ್ಬರನ್ನೇ ಹೆದರಿಸಿ, ಪುಸಲಾಯಿಸಿ ಇಡೀ ಗಜನಿಯನ್ನು ಸಿಗಡಿ ಸಾಕಣೆಗೆ ತೆಗೆದುಕೊಂಡಿದ್ದರು. ಕಟ್ಟೆಯ ಬಾಗಿಲಿಗೆ ಹೊಸ ಹಲಗೆ ಬಡಿಸಿ, ಬಲೆ ಕಟ್ಟಿಸಿ, ಕಾವಲಿಗೆ ಆಳು ಇಟ್ಟಿದ್ದರು. ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಅಕ್ಕೋರ ನಾಟಕ. ಗ್ಯಾದರಿಂಗ್‌ಗೆ ಹವಾಯಿಯ ಕೊನೆಯ ರಾಣಿಯ ಕತೆ ಮಾಡಿಸಿದರು. ಸಕ್ಕರೆ ವ್ಯಾಪಾರಿಗಳು ಬಂದು ನೆಲ ಹಿಡಿದದ್ದು, ರಾಣಿಯನ್ನು ಅವಳ ಅರಮನೆಯಲ್ಲೇ ಕೂಡಿಹಾಕಿದ್ದು. ನಾನೇ ರಾಣಿ, ಕೊರಳಲ್ಲಿ ಸುರಗಿ ಮಾಲೆ. ಕೊನೆಯಲ್ಲಿ ಮುಚ್ಚಿದ ಬಾಗಿಲ ಹಿಂದೆ ನಿಂತು ಕೇಳಬೇಕಿತ್ತು: "ನನ್ನ ಮನೆಯ ಬಾಗಿಲು ಹಾಕಿದವರು ಯಾರು?" ವ್ಯಾಪಾರಿ ಪಾತ್ರದ ಹುಡುಗ ಉತ್ತರ ಹೇಳಬೇಕು. ಅವನು ಬಾಯಿ ತೆಗೆಯುವ ಮೊದಲೇ ಹೆಂಗಸರ ಸಾಲಿನಿಂದ ನಮ್ಮಜ್ಜಿ ಎದ್ದು ಕೂಗಿದಳು:

"ಮತ್ಯಾರು? ಒಡೇರು!"

ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನ ಕುರ್ಚಿಯಲ್ಲಿ ಒಡೆಯರು ಮಾತ್ರ ನಗಲಿಲ್ಲ. ಎದ್ದು ವೇದಿಕೆ ಹತ್ತಿ, "ಚಪ್ಪಲಿ ಹೆಸರಿನ ದೇಶದ ಕತೆ ಕಟ್ಕಂಡು ಮಕ್ಕಳಿಗೆ ಎಂತಾಗ್ಬೇಕು?" ಎಂದು ಎಲ್ಲರೆದುರು ಅಕ್ಕೋರ ಮುಖಕ್ಕೇ ಕೇಳಿದರು. ಪರದೆ ಎಳೆಸಿಬಿಟ್ಟರು.

ತಿಂಗಳು ತುಂಬುವುದರೊಳಗೆ ಅಕ್ಕೋರಿಗೆ ವರ್ಗವಾಯಿತು. ಘಟ್ಟದ ಮೇಲೆ, ಜೋಯಿಡಾ ಕಡೆಯ ಕಾಡಿನ ಶಾಲೆ. ಪಾಠ ಬಿಟ್ಟು ಪರದೇಶದ ಕತೆ ಹೇಳುತ್ತಾರೆ ಎಂದು ಒಡೆಯರು ಮೇಲಿನವರ ಕಿವಿ ಊದಿದ್ದರು. ಅದನ್ನು ಅವರೇ ಚಾದಂಗಡಿಯಲ್ಲಿ ಜಂಬದಿಂದ ಹೇಳಿಕೊಂಡರು.

ಹವಾಯಿಯಲ್ಲಿ ಹಡಗು ಹತ್ತಿ ಹೋಗುವವರು ಕೊರಳ ಮಾಲೆಯನ್ನು ಸಮುದ್ರಕ್ಕೆ ಎಸೆಯುತ್ತಾರಂತೆ. ಮಾಲೆ ದಡಕ್ಕೆ ಮರಳಿದರೆ ಹೋದವರೂ ಮರಳುತ್ತಾರೆ. ಇದನ್ನು ಹೇಳಿಕೊಟ್ಟವರೂ ಅಕ್ಕೋರೇ. ಹೊರಡುವ ದಿನ ನಾವು ಸುರಗಿ ಪೋಣಿಸಿ ಅವರ ಕೊರಳಿಗೆ ಹಾಕಿದೆವು. ಬಸ್ಸು ಹತ್ತುವ ಮುಂಚೆ ಅದನ್ನು ತೆಗೆದು ನನ್ನ ಕೈಗಿಟ್ಟು, "ನಂಗೆ ಹೊಳೆ ತನಕ ಹೋಗೂಕೆ ಹೊತ್ತಿಲ್ಲ. ನೀವೇ ಬಿಡಿ" ಎಂದರು. ಕಣ್ಣು ತುಂಬಿತ್ತು, ನಗುತ್ತಿದ್ದರು...

ನಾವು ಹೊಳೆಯಂಚಿನ ಮಕ್ಕಳು. ಇಳಿತದ ನೀರಿಗೆ ಬಿಟ್ಟದ್ದು ಸಮುದ್ರಪಾಲು ಎಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೇವರಿಗೂ ಮೋಸ ಮಾಡುವ ಜಾತಿ ನಮ್ಮದು. ಕಾದೆವು, ಭರತ ಏರಲು ಶುರುವಾದ ಮೇಲೇ ಹೊಳೆಯ ಬಾಯಲ್ಲಿ ಮಾಲೆ ಬಿಟ್ಟೆವು. ಅದು ಬರಲೇಬೇಕು, ಬಾರದೆ ಎಲ್ಲಿಗೆ ಹೋದೀತು? ನೀರು ಒಳಗೆ ನುಗ್ಗಿದಂತೆ ಮಾಲೆಯೂ ಬಂತು, ನಾವು ಕಟ್ಟೆಯ ಮೇಲೆ ಅದರ ಜೊತೆಗೇ ಓಡಿದೆವು. ಬಂದು ಬಂದು ಗಜನಿಯ ಬಾಗಿಲಿಗೆ ಬಡಿಯಿತು. ಬಾಗಿಲು ಹಾಕಿತ್ತು. ಹೊಸ ಹಲಗೆಗೆ ಸುರಗಿ ತಿಕ್ಕಿ ತಿಕ್ಕಿ ಎಸಳು ಉದುರತೊಡಗಿತು. ನಾನು ಕೆಳಗಿಳಿದು ಕೈ ಚಾಚುವಷ್ಟರಲ್ಲಿ ಕಾವಲಿನವನು ದೊಣ್ಣೆ ಹಿಡಿದು ಬಂದ. ನಾವು ಓಡಿದೆವು. ಸಂಜೆ ಇಳಿತ ಮಾಲೆಯನ್ನು ವಾಪಸು ಒಯ್ದಿತ್ತು.

ಆವತ್ತೇ ನಾನು ಹಲ್ಲು ಕಚ್ಚಿ ನಿರ್ಧಾರ ಮಾಡಿದೆ, ಈ ಒಡೆಯರನ್ನು ಬಿಡುವುದಿಲ್ಲ ಎಂದು.

ಎರಡು ಮಳೆಗಾಲದೊಳಗೆ ಒಡೆಯರ ಸಿಗಡಿಗೆ ರೋಗ ಬಡಿದು ಎಲ್ಲ ಸತ್ತು ತೇಲಿತು. ನಾನು ಕುಣಿದಾಡಿದೆ. ಅಜ್ಜಿ ಬೈದಳು: "ಕುಣೀಬೇಡ ಮಗಾ. ಹಾಳಾದ್ದು ಅವ್ನ ಸಿಗಡಿ ಅಲ್ಲ, ನಮ್ ಗದ್ದೆ." ನಿಜ, ಆಮೇಲೆ ಆ ನೆಲದಲ್ಲಿ ಕಗ್ಗವೂ ಏಳಲಿಲ್ಲ.

ನಾನು ಅಕ್ಕೋರಾದದ್ದು ಸೇವೆ ಮಾಡುವ ಆಸೆಯಿಂದಲ್ಲ, ಹಟದಿಂದ. ಕೇಳಿ ಹಾಕಿಸಿಕೊಂಡು ಇದೇ ಶಾಲೆಗೆ ಬಂದೆ. ಹೊನ್ನಾವರದಲ್ಲಿ ಒಂದು ತರಬೇತಿಗೆ ಹೋದಾಗ ಹಿರಿಯ ಮಾಸ್ತರರೊಬ್ಬರ ಹತ್ತಿರ ನಮ್ಮ ಅಕ್ಕೋರನ್ನು ವಿಚಾರಿಸಿದೆ. "ಅವ್ರು ತೀರ್ಕಂಡು ಎರಡು ವರ್ಷ ಆತಲ್ಲೆ. ಆ ಕಾಡಲ್ಲಿ ಜ್ವರ ಬಂತು, ಆಸ್ಪತ್ರೆ ದೂರ..." ಎಂದರು.

ಈ ವರ್ಷ ಒಡೆಯರ ಮೊಮ್ಮಗಳು ನನ್ನ ತರಗತಿಗೆ ಬಂದಳು. ಚೂಟಿ ಹುಡುಗಿ, ದನಿ ಗಂಟೆಯ ಹಾಗೆ. ನಾನು ಚಪ್ಪಲಿಯಿಂದಲೇ ಪಾಠ ಶುರುಮಾಡಿದೆ. ಗ್ಯಾದರಿಂಗ್‌ಗೆ ಅದೇ ನಾಟಕ ಆರಿಸಿದೆ, ಅವಳನ್ನೇ ರಾಣಿ ಮಾಡಿದೆ. ಮಗುವನ್ನು ಮುಂದಿಟ್ಟು ಸೇಡು ತೀರಿಸಿಕೊಂಡಳು ಎನ್ನುವವರು ಎನ್ನಲಿ. ಮುಂದಿನ ಸಾಲಿನಲ್ಲಿ ಒಡೆಯರಿಗೆ ಕುರ್ಚಿ ಹಾಕಿಸಿದ್ದೂ ನಾನೇ.

"ನನ್ನ ಮನೆಯ ಬಾಗಿಲು ಹಾಕಿದವರು ಯಾರು?"

ಈ ಸಲ ಯಾರೂ ಕೂಗಲಿಲ್ಲ. ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ವ್ಯಾಪಾರಿ ಪಾತ್ರದ ಹುಡುಗ ಮಾತು ಮರೆತು ನಿಂತ. ಹಳಬರೆಲ್ಲ ಒಬ್ಬೊಬ್ಬರಾಗಿ ಮುಂದಿನ ಸಾಲಿನ ಕಡೆ ನೋಡಿದರು. ಎಲ್ಲರೂ ಎಲ್ಲಿ ನೋಡುತ್ತಿದ್ದಾರೆಂದು ಹುಡುಗಿಯೂ ನೋಡಿದಳು, ತನ್ನ ಅಜ್ಜನನ್ನು. ಒಡೆಯರು ತಲೆ ತಗ್ಗಿಸಿದರು.

ಮುಗಿದ ಮೇಲೆ ಕೋಲೂರಿಕೊಂಡು ನನ್ನ ಹತ್ತಿರ ಬಂದರು.

"ಆದದ್ದು ಆತು ಅಕ್ಕೋರೇ. ಮರ್ತಬಿಡಿ."

"ಮರೆಯೂಕೆ ನಂಗೆ ಯಾರೂ ಕಲಿಸ್ಲಿಲ್ಲ ಒಡೇರೇ" ಎಂದೆ. ನಾನು ಅವರನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಮಾಲೆ ಹಿಡಿದು ಹೊಳೆಯ ಬಾಯಿಗೆ ಹೋದೆ. ಭರತ ಏರುತ್ತಿತ್ತು. ನೀರಿಗೆ ಬಿಟ್ಟು ಕಟ್ಟೆಯ ಮೇಲೆ ನಡೆದು ಬಂದೆ. ಗಜನಿಯ ಬಾಗಿಲಲ್ಲಿ ಈಗ ಹಲಗೆಯೂ ಇಲ್ಲ ಬಲೆಯೂ ಇಲ್ಲ, ಎಲ್ಲ ಕೊಳೆತು ಬಿದ್ದುಹೋಗಿದೆ. ಮಾಲೆ ಯಾವ ತಡೆಯೂ ಇಲ್ಲದೆ ಒಳಗೆ ಬಂದು ನನ್ನ ಕಾಲ ಬುಡದಲ್ಲಿ ನಿಂತಿತು. ಅದನ್ನು ಎತ್ತಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕುಳಿತು, ಶಾಲೆಯ ಗಂಟೆ ಹೊಡೆಯುವ ತನಕ ಅತ್ತೆ.