ಜ್ವರವಿಲ್ಲದ ಮನೆಗೆ ಬಂದ ಬ್ರೆಡ್ಡು

ನಮ್ಮ ಮನೆಯಲ್ಲಿ ಈಗ ಎಷ್ಟು ಬ್ರೆಡ್ಡಿದೆ ಎಂದರೆ, ಹಸು ಕೂಡ ಮುಖ ತಿರುಗಿಸುತ್ತಿದೆ.

ಚನ್ನಪಟ್ಟಣದ ಬ್ರೆಡ್ಡು, ಕನಕಪುರದ ಬ್ರೆಡ್ಡು, ಮಾಗಡಿಯಿಂದ ಬಸ್ಸು ಬದಲಾಯಿಸಿಕೊಂಡು ಬಂದ ಬ್ರೆಡ್ಡು. ಮನೆಯಲ್ಲಿ ಯಾರಿಗೂ ಜ್ವರವಿಲ್ಲ. ಕಾಲು ಉಳುಕಿರುವುದು ನನಗೆ. ಕಾಲು ಉಳುಕಿದವನು ಮುದ್ದೆ ತಿನ್ನಬಾರದು ಅಂತ ಯಾವ ಡಾಕ್ಟರೂ ಹೇಳಿಲ್ಲ. ಆದರೆ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಯಾರಾದರೂ ಮಲಗಿದ್ದಾರೆ ಅಂದರೆ ನೋಡಲು ಹೋಗುವವರು ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದುಕೊಂಡೇ ಹೋಗಬೇಕು. ನಮ್ಮಲ್ಲಿ ಬ್ರೆಡ್ಡು ತಿಂಡಿಯಲ್ಲ, ಔಷಧಿ.

ಇದರಲ್ಲಿ ಹೊಟ್ಟೆ ಉರಿಸಿಕೊಳ್ಳುವುದು ಏನಿದೆ ಅಂತ ಕೇಳುತ್ತೀರಿ. ಹೇಳುತ್ತೇನೆ.

ಸಾತನೂರಿನಲ್ಲಿ ಬಸ್ಸಿಳಿದು ನನ್ನ ಮನೆಗೆ ಬರಬೇಕಾದರೆ ಒಂದು ಬೇಕರಿ ದಾಟಿಯೇ ಬರಬೇಕು. ಬೇಕರಿ ರಸ್ತೆಗೆ, ಮನೆ ಅದರ ಬೆನ್ನಿಗೆ. ಮುಂಚೆ ಅದು ನಾವು ರೇಷ್ಮೆಹುಳ ಸಾಕುತ್ತಿದ್ದ ಕೋಣೆ. ಈಗ ಅಲ್ಲಿ ಓವನ್ ಇದೆ. ಬ್ರೆಡ್ಡು, ಬನ್ನು, ಖಾರಾ ಬನ್ನು, ದಿಲ್‌ಪಸಂದು, ಎಲ್ಲಾ ಬಿಸಿಬಿಸಿ. ಅದನ್ನು ನಡೆಸುತ್ತಿರುವವಳು ನನ್ನ ಮೊಮ್ಮಗಳು ಸಿಂಧು.

ಈಗ ಗೊತ್ತಾಯಿತಾ?

ನೀವು ನನ್ನನ್ನು ಬಲ್ಲಿರಿ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಾಗುಣಿತ ತಿದ್ದಿ ತಿದ್ದಿ ಈ ಪೇಪರಿನವರು ಸುಸ್ತಾಗಿದ್ದಾರೆ. ನಮ್ಮ ಸೀಮೆಹಸು ತಪ್ಪಿಸಿಕೊಂಡು ಮದುವೆ ಊಟದ ಪೆಂಡಾಲಿಗೆ ನುಗ್ಗಿದ ಕತೆ ಬರೆದಾಗ ಫೋನ್ ಮಾಡಿ ನಕ್ಕವರು ನೀವು. ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಬೇಕರಿ ಶುರುವಾದಾಗಿನಿಂದ ನನಗೆ ದಿನಾ ಹಬ್ಬ. ಬನ್ನು ಬೇಯುವ ವಾಸನೆಗೆ ಎಚ್ಚರವಾಗುತ್ತದೆ. (ಮುಂಚೆ ಅದೇ ಕೋಣೆಯಿಂದ ಹುಳದ ವಾಸನೆ. ಅನ್ನ ಕೊಟ್ಟ ಹುಳ, ಬೈಯಬಾರದು.) ಎದ್ದು ಹೋಗಿ ಮೊದಲ ಬನ್ನು ನಾನೇ ತಿನ್ನುತ್ತೇನೆ. ನಿಲ್ಲುವ ಪ್ರತಿ ಬಸ್ಸಿನ ಕಂಡಕ್ಟರಿಗೂ, ಕೇಳಲಿ ಬಿಡಲಿ, ‘ನಮ್ಮ ಹುಡುಗಿ ಮಾಡಿರೋದು’ ಅಂತ ಹೇಳುತ್ತೇನೆ. ಎದೆಯಲ್ಲಿ ಹಾಲು ಉಕ್ಕಿದ ಹಾಗೆ ಆಗುತ್ತದೆ.

ಆ ಉಕ್ಕಿನಲ್ಲೇ ಬಿದ್ದಿದ್ದು. ಅಂಗಡಿ ಬೋರ್ಡು ಸ್ವಲ್ಪ ಓರೆ ಕಂಡಿತು. ಸ್ಟೂಲು ಹತ್ತಿದೆ. ಬೋರ್ಡು ನೆಟ್ಟಗಾಯಿತು, ಕಾಲು ಓರೆಯಾಯಿತು.

ನೋಡಲು ನೆಂಟರು ಬರತೊಡಗಿದರು. ಕಾಲಿನ ಬಗ್ಗೆ ಎರಡು ಮಾತು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ, ಸಿಂಧುಗೆ ಏನಾಯ್ತು ಅಂತ ಕೇಳುವುದು. ಕಾಯಿಲೆ ನನ್ನ ಕಾಲಿಗಲ್ಲ, ಅವಳಿಗೆ ಅಂತ ಆಗ ನನಗೆ ಅರ್ಥವಾಯಿತು. ಹಾರೋಹಳ್ಳಿಯ ದೊಡ್ಡ ಕಂಪನಿ, ಎಚ್.ಆರ್. ಕೆಲಸ, ಮನೆ ಬಾಗಿಲಿಗೆ ಕ್ಯಾಬು. ಅಂಥದ್ದನ್ನು ಬಿಟ್ಟು ಮೈದಾ ಕಲಸುತ್ತಾಳೆ ಅಂದರೆ ಹುಡುಗಿ ತಲೆಗೆ ಏನೋ ಆಗಿದೆ. ಅವರೆಲ್ಲ ತಂದದ್ದು ಆ ಕಾಯಿಲೆಗೆ ಬ್ರೆಡ್ಡು.

ನನ್ನ ತಂಗಿ ಗೌರಮ್ಮ ಚನ್ನಪಟ್ಟಣದಿಂದ ಬಂದಳು. ಬಸ್ಸು ನಿಂತಿದ್ದು ಬೇಕರಿ ಎದುರಿಗೆ. ಇಳಿದವಳು ಸೆರಗನ್ನು ತಲೆ ಮೇಲೆಳೆದುಕೊಂಡು, ಸಾಲ ಕೊಟ್ಟವನ ಮನೆ ದಾಟುವವರ ಹಾಗೆ ದಾಟಿ ಬಂದಳು. ಕಿಟಕಿಯಿಂದ ನೋಡಿದೆ. ಕೈಯಲ್ಲಿ ಪ್ಲಾಸ್ಟಿಕ್ ಕವರು.

ಮೊಮ್ಮಗಳ ಅಂಗಡಿ ಕಾಣಲಿಲ್ಲವೇನಮ್ಮ ಅಂದೆ.

“ಕಾಣ್ದೆ ಏನಣ್ಣ? ಅಲ್ಲಿ ತಕ್ಕಂಡ್ರೆ ಮಗು ನನ್ ತಾವ ಕಾಸು ಇಸ್ಕತದಾ? ಸುಮ್ಕೆ ಅದಕ್ಕೆ ಲಾಸು ಅಂತ ಊರಿಂದ್ಲೇ ತಂದೆ.”

ಎಂಥ ಕರುಣೆ ನೋಡಿ. ಎಲ್ಲರೂ ಹೀಗೇ ಕರುಣೆ ತೋರಿಸಿದರೆ ಸಿಂಧು ಬೇಗ ಉದ್ಧಾರವಾಗುತ್ತಾಳೆ.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಬಿಟ್ಟು ಹೋದಳು. ಬನ್ನು ಮಾರುವ ಹುಡುಗಿಗೆ ಗಂಡು ಸಿಗುವುದು ಕಷ್ಟವಂತೆ. ಬನ್ನು ತಿನ್ನುವ ಗಂಡುಗಳಿಗೆ ಹೆಣ್ಣು ಸುಲಭವಾಗಿ ಸಿಗುತ್ತಲ್ಲ, ಅದು ಹೇಗೋ?

ಸಿಂಧು ಕೆಲಸ ಯಾಕೆ ಬಿಟ್ಟಳು ಅಂತ ಯಾರೂ ಅವಳನ್ನು ಕೇಳಲಿಲ್ಲ. ನಾನು ಕೇಳಿದ್ದೆ. ಅವಳ ಕೆಲಸ ಏನು ಗೊತ್ತಾ? ಕಾಂಟ್ರಾಕ್ಟಿನ ಕೆಲಸಗಾರರನ್ನು ಎ.ಸಿ. ರೂಮಿಗೆ ಕರೆಯುವುದು, ಕೂರಿಸುವುದು, ನಗುತ್ತಾ ನೀರು ಕೊಡುವುದು, ನಾಳೆಯಿಂದ ಬರಬೇಡಿ ಅನ್ನುವುದು, ಕೊರಳಿನ ಐ.ಡಿ. ಕಾರ್ಡು ಬಿಚ್ಚಿಸಿಕೊಳ್ಳುವುದು. ಚೆನ್ನಾಗಿ ನಗುತ್ತಾಳೆ ಅಂತ ಅವಳಿಗೆ ಪ್ರಮೋಷನ್ನೂ ಕೊಟ್ಟರು. ಒಂದು ದಿನ ಬೈರಮಂಗಲದ ಕಡೆಯ ಒಬ್ಬ ಹೆಣ್ಣುಮಗಳ ಸರದಿ. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಕಾರ್ಡು ಬಿಚ್ಚಿ ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದಳಂತೆ.

“ಮೇಡಂ, ಕ್ಯಾಂಟೀನಲ್ಲಿ ಊಟ ಮಾಡ್ಕೊಂಡು ಹೋಗ್ಲಾ?”

ಕಾರ್ಡಿಲ್ಲದವರಿಗೆ ಕ್ಯಾಂಟೀನಿಲ್ಲ. ಅದು ರೂಲ್ಸು. ಆ ರೂಲ್ಸನ್ನು ಬಾಯಿಬಿಟ್ಟು ಹೇಳಿದವಳು ನನ್ನ ಮೊಮ್ಮಗಳು. ಅವತ್ತಿನಿಂದ ಆ ಕ್ಯಾಂಟೀನಿನ ಅನ್ನ ಅವಳ ಗಂಟಲಲ್ಲಿ ಇಳಿಯಲಿಲ್ಲ. ‘ಹಸಿದವರಿಗೆ ಬೇಡ ಅನ್ನೋ ಕೆಲಸ ಸಾಕು ತಾತ’ ಅಂದಳು. ನಾನು ರೇಷ್ಮೆಹುಳದ ಕೋಣೆ ತೊಳೆಸಿ ಕೊಟ್ಟೆ. ಇದಕ್ಕೆ ಜಾತಕ ನೋಡಿಸಬೇಕಿತ್ತಾ?

ನೆಂಟರು ಬಿಡಿ. ಬಂದು ಹೋಗುವವರು. ಸಿಂಧು ಕಾಯುತ್ತಿದ್ದದ್ದು ಒಬ್ಬರನ್ನೇ, ಅವಳ ಅಪ್ಪನನ್ನು. ನನ್ನ ಮಗ ನಾಗರಾಜ. ಕನಕಪುರದಲ್ಲಿ ಸರ್ಕಾರಿ ಕೆಲಸ, ಅಲ್ಲೇ ಮನೆ. ಬೇಕರಿ ಶುರುವಾದ ಪೂಜೆಯ ದಿನ ಆಫೀಸಿನಲ್ಲಿ ಆಡಿಟ್ ಅಂದ. ಆಮೇಲೆ ತಲೆನೋವು ಅಂದ. ಆಮೇಲೆ ಏನೂ ಅನ್ನಲಿಲ್ಲ. ಅತ್ತ ಕಂಪನಿಯವರು ಈ ತಿಂಗಳ ಕೊನೆಯವರೆಗೆ ಅವಳ ಸೀಟು ಖಾಲಿ ಇಟ್ಟಿರುತ್ತೇವೆ, ಮನಸ್ಸು ಬದಲಾದರೆ ಬರಲಿ ಅಂದಿದ್ದರು. ಸಿಂಧು ಧೈರ್ಯದ ಹುಡುಗಿಯೇ. ಆದರೂ ಒಂದು ದಿನ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ, ಅಪ್ಪ ಒಂದು ಸಲ ಒಳಗೆ ಬಂದು ಒಂದು ಬನ್ನು ತಿಂದರೆ ಸಾಕು ತಾತ, ಅವರು ಬರದೇ ಇದ್ದರೆ ಓವನ್ ಹಚ್ಚಲು ನನಗೆ ಕೈ ಬರುವುದಿಲ್ಲ, ಹಾರೋಹಳ್ಳಿಗೇ ವಾಪಸ್ ಹೋಗುತ್ತೇನೆ ಅಂದಳು.

ಕಳೆದ ಭಾನುವಾರ ಅವನು ಬರುತ್ತೇನೆ ಅಂತ ಫೋನ್ ಮಾಡಿದ. ನಮ್ಮ ಹುಡುಗಿ ಆವತ್ತು ಖಾರಾ ಬನ್ನಿಗೆ ಹಾಕಿದ ಸಬ್ಬಸಿಗೆ ಸೊಪ್ಪನ್ನು ನೀವು ನೋಡಬೇಕಿತ್ತು. ಅವನಿಗೆ ಚಿಕ್ಕಂದಿನಿಂದ ಅದು ಇಷ್ಟ. ಕೌಂಟರಿನ ಮೇಲೆ ಒಂದು ಬನ್ನು ಬೇರೆ ಇಟ್ಟು, ಪೇಪರು ಮುಚ್ಚಿ, ಕೈ ತೊಳೆದುಕೊಂಡು ರಸ್ತೆ ನೋಡುತ್ತಾ ನಿಂತಳು.

ಸ್ಕೂಟರು ಬಂತು. ಬೇಕರಿ ಮುಂದೆ ನಿಲ್ಲಲಿಲ್ಲ. ಸುತ್ತು ಹಾಕಿಕೊಂಡು ಹಿಂದಿನ ಓಣಿಗೆ ಹೋಯಿತು. ನನ್ನ ಮಗ ಕೊಟ್ಟಿಗೆ ಬಾಗಿಲಿನಿಂದ, ಸಗಣಿ ತುಳಿದುಕೊಂಡು, ಒಳಗೆ ಬಂದ.

ಕೈಯಲ್ಲಿ ಬ್ರೆಡ್ಡು. ಕನಕಪುರದ್ದು.

ಕಾಲು ಹೇಗಿದೆ ಅಂತ ಕೇಳಿದ. ಐತೆ ಅಂದೆ. ಆಮೇಲೆ ವಿಷಯಕ್ಕೆ ಬಂದ. ಆಫೀಸಿನಲ್ಲಿ ತಲೆ ಎತ್ತಲು ಆಗುತ್ತಿಲ್ಲವಂತೆ. ಮಗಳು ಎಲ್ಲಿದ್ದಾಳೆ ಅಂತ ಯಾರಾದರೂ ಕೇಳಿದರೆ ಲೀವಿನಲ್ಲಿದ್ದಾಳೆ ಅನ್ನುತ್ತಾನಂತೆ. ತಿಂಗಳು ಮುಗಿಯುವುದರೊಳಗೆ ನಾನು ಕೋಣೆ ವಾಪಸ್ ತೆಗೆದುಕೊಳ್ಳಬೇಕಂತೆ.

“ಅಪ್ಪ, ಆ ರೂಮಿಗೆ ಬೀಗ ಹಾಕ್ಬುಡು. ನೀನ್ ಹೇಳುದ್ರೆ ಕೇಳ್ತಾಳೆ.”

“ಬೀಗದ ಕೈ ಅವಳ ತಾವ ಐತೆ. ಮುಂದಿನ ಬಾಗ್ಲಲ್ಲಿ ಹೋಗಿ ನೀನೇ ಕೇಳ್ಲಾ.”

ಅವನು ಏಳಲಿಲ್ಲ. ಅಷ್ಟರಲ್ಲಿ ಸಿಂಧುವೇ ಬಂದಳು. ತಟ್ಟೆಯಲ್ಲಿ ಆ ಖಾರಾ ಬನ್ನು. ಬಾಗಿಲ ಆಚೆ ಎಷ್ಟು ಹೊತ್ತಿನಿಂದ ನಿಂತಿದ್ದಳೋ ನನಗೆ ಗೊತ್ತಿಲ್ಲ. ಅವನು ಬನ್ನು ನೋಡಿದ, ಅವಳನ್ನು ನೋಡಲಿಲ್ಲ. ಗ್ಯಾಸ್ಟ್ರಿಕ್ಕು, ಅದೆಲ್ಲ ತಿನ್ನುವುದು ಬಿಟ್ಟಿದ್ದೇನೆ ಅಂದ. ಅವನಿಗೆ ಗ್ಯಾಸ್ಟ್ರಿಕ್ಕು ಬಂದದ್ದು ಹೆತ್ತ ಅಪ್ಪನಿಗೆ ಆಗಲೇ ಗೊತ್ತಾದದ್ದು.

ಸಿಂಧು ಮಂಚದ ಮೇಲಿದ್ದ ಕವರು ತೆಗೆದುಕೊಂಡು ಅಂಗಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕನಕಪುರದ ಆ ಬ್ರೆಡ್ಡನ್ನು ಬೆಣ್ಣೆ ಸವರಿ, ಕೆಂಪಗೆ ಕಾಯಿಸಿ, ಕಾಫಿ ಜೊತೆ ತಂದು ಅಪ್ಪನ ಮುಂದೆ ಇಟ್ಟಳು.

“ನೀನೇ ತಂದಿರೋದು, ತಿನ್ನಪ್ಪ. ಬ್ರೆಡ್ಡು ಕಾಯೋ ಅಷ್ಟರಲ್ಲಿ ಕಂಪನಿಗೆ ಬರಲ್ಲ ಅಂತ ಮೆಸೇಜ್ ಹಾಕ್ಬುಟ್ಟೆ.”

ಕಾಲು ನೆಟ್ಟಗಿದ್ದಿದ್ದರೆ ನಾನು ಎದ್ದು ಕುಣಿಯುತ್ತಿದ್ದೆ. ನಿಜವಾಗಿಯೂ. ಅದೇ ಸಂತೋಷದಲ್ಲಿ ಮಗನ ಕಡೆ ತಿರುಗಿದೆ. ಏನಾದರೂ ಅನ್ನುತ್ತಾನೆ ಅಂದುಕೊಂಡೆ. ಬೈದಿದ್ದರೂ ಪರವಾಗಿರಲಿಲ್ಲ.

ಅವನು ತಿಂದ. ಒಂದು ಚೂರೂ ಬಿಡಲಿಲ್ಲ. ಮಗಳ ಓವನ್, ಮಗಳ ಬೆಣ್ಣೆ, ಮಗಳ ಕೈ. ಬ್ರೆಡ್ಡು ಮಾತ್ರ ಬೇರೆಯವರದ್ದು. ಅಷ್ಟರಲ್ಲೇ ಅವನ ಮರ್ಯಾದೆ ಉಳಿಯಿತು. ಕಾಫಿ ಕುಡಿದು, ಬಾಯೊರೆಸಿಕೊಂಡು, ಕಾಲು ಹುಷಾರು ಅಂತ ನನಗೆ ಹೇಳಿ ಮತ್ತೆ ಕೊಟ್ಟಿಗೆ ಕಡೆಗೇ ಹೊರಟ. ಖಾರಾ ಬನ್ನು ಕಿಟಕಿ ಹತ್ತಿರ ಆರುತ್ತಾ ಕೂತಿತ್ತು. (ಆಮೇಲೆ ನಾನು ತಿಂದೆ. ಗೌರಮ್ಮನಿಗೆ ಹೊಟ್ಟೆ ಉರಿಯಲಿ, ಬಹಳ ಚೆನ್ನಾಗಿತ್ತು.)

ಅವನು ಹೆಲ್ಮೆಟ್ಟು ಹಾಕಿಕೊಳ್ಳುವಾಗ ಮಲಗಿದ ಕಡೆಯಿಂದಲೇ ಕೂಗಿ ಕೇಳಿದೆ. ಅವನು ಸ್ಕೂಟರು ಸ್ಟಾರ್ಟ್ ಮಾಡಿದ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

“ಲೇ ನಾಗ, ಕನಕಪುರದಲ್ಲಿ ಈ ಬ್ರೆಡ್ಡು ಮಾಡಿದೋನ್ಗೂ ಒಬ್ಬ ಅಪ್ಪ ಇರ್ಬೇಕಲ್ಲ, ಅವ್ನು ಬ್ರೆಡ್ಡು ಎಲ್ಲಿ ತಕ್ಕತಾನೆ?”