ಬೀಚಿಗೆ ಹೊರಟ ಸಣ್ಣ ಬ್ಯಾಗು

ಗೆಳೆಯರೇ, ಇವತ್ತು ಬೆಳಿಗ್ಗೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹೆಗಲಿಗೊಂದು ಸಣ್ಣ ಬ್ಯಾಗು ಹಾಕಿಕೊಂಡು ಕ್ಯಾಲಿಕಟ್ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಗಂಡನ ಸೋದರತ್ತೆ ನೀಲಮ್ಮ ಎದುರಾದರು.

"ಯಾಕಮ್ಮಿ, ಜಗಳ ಆಡ್ಕಂಡು ಬಂದ್ಬುಟ್ಟಾ?"

"ಇಲ್ಲ ಅತ್ತೆ, ಬೀಚಿಗೆ ಹೊರಟಿದ್ದೀನಿ. ನಾಲ್ಕು ದಿನ, ಒಬ್ಬಳೇ."

"ನಾಕು ದಿನಕ್ಕೆ ಇಷ್ಟೇ ಬಟ್ಟೆಯಾ? ಸಿಟ್ನಲ್ಲಿ ಕೈಗ್ ಸಿಕ್ಕಿದ್ದ ತುರುಕ್ಕಂಡು ಬಂದಿದ್ದೀಯ ಬುಡು!"

ಬಸ್ಸು ಬಂದು ನಿಂತಿತು. ಅತ್ತೆ ಬ್ಯಾಗಿನ ಪಟ್ಟಿ ಬಿಡಲೊಲ್ಲರು. ಗಾಬರಿಯಲ್ಲಿ ಗಂಡನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಪುಣ್ಯಾತ್ಮ ನನ್ನ ಪರವಾಗಿಯೇ ಮಾತಾಡಿದ: "ನಾನೇ ಕಳಿಸ್ದೆ ಕಣತ್ತೆ."

"ಅಯ್ಯೋ, ನೀನೇ ಓಡಿಸ್ಬುಟ್ಟೇನ್ಲಾ!"

ಆ ಆಘಾತಕ್ಕೆ ಅವರ ಕೈ ಸಡಿಲವಾಯಿತು, ನಾನು ಓಡಿ ಬಸ್ಸು ಹತ್ತಿದೆ. ಊರು ದಾಟುವ ಮೊದಲೇ ತವರೂರು ಉಮ್ಮತ್ತೂರಿನಿಂದ ಅವ್ವನ ಫೋನು: "ನೀಲಮ್ಮ ಈಗ ಫೋನ್ ಮಾಡಿ ಎಲ್ಲಾ ಹೇಳುದ್ರು. ಬೀಚೂ ಬ್ಯಾಡ ಗೀಚೂ ಬ್ಯಾಡ, ಇಲ್ಗೇ ಬಂದ್ಬುಡು ಮಗ. ನಿನ್ ರೂಮು ಗುಡ್ಸಿವ್ನಿ." ಉತ್ತರ ಕೊಡುವಷ್ಟರಲ್ಲಿ ಕಾಡು ಬಂತು, ಸಿಗ್ನಲ್ ಹೋಯಿತು. ಕಾಡು ಮುಗಿಯುವವರೆಗೂ ಉಗುರು ಕಚ್ಚುತ್ತ ಕೂತಿದ್ದೆ.

ಈಗಷ್ಟೇ ಸಿಗ್ನಲ್ ಬಂದು ತವರಿಗೆ ಫೋನು ಮಾಡಿದರೆ ಅಪ್ಪ ಎತ್ತಿದರು: "ನಿಮ್ಮವ್ವ ಆಗ್ಲೇ ಬಸ್ ಹತ್ತುದ್ಲು ಕಣ್ ಮಗ, ನಿಮ್ಮನೆಯಿಂದ ನಿನ್ ಮಿಕ್ಕಿದ್ ಬಟ್ಟೆ ತರಕ್ಕೆ."

ರಜೆಗೆ ಹೊರಟವಳು ನಾನು. ನನ್ನ ಬಟ್ಟೆಬರೆಯೆಲ್ಲ ತವರಿಗೆ ಹೊರಟಿದೆ.